ಮಳೆ ಬಿಟ್ಟ ಹಿತ್ತಿಲು: ಗುಡಿಸುವ ಮೊದಲು ದೋಷ ಹುಡುಕಿ

ನವರಾತ್ರಿ ಕಳೆಯುತ್ತಿದ್ದ ಹಾಗೆ ಕಾಸರಗೋಡಿನ ತೋಟದ ಮನೆಗಳಲ್ಲಿ ಕತ್ತಿ, ಹಾರೆ, ಕಳೆ ಕೊಚ್ಚುವ ಯಂತ್ರ ಎಲ್ಲ ಹೊರಗೆ ಬರುತ್ತವೆ. ಅಂಗಳದ ಪಾಚಿ ಕೆರೆಯಬೇಕು, ಅಡಿಕೆ ಒಣಗಿಸಲು ಜಾಗ ಆಗಬೇಕು. ಬಿದ್ದ ಸೋಗೆ, ಹಾಳೆ ಹೆಕ್ಕಬೇಕು. ನೀರು ಬಸಿದು ಹೋಗುವ ಕಣಿ ಬಿಡಿಸಬೇಕು. ದೀಪಾವಳಿ ಹೊತ್ತಿಗೆ ಹಿತ್ತಿಲು ಚೊಕ್ಕ ಆಗಿರುತ್ತದೆ. ಆದರೆ ಚೊಕ್ಕ ಆದ ಹಿತ್ತಿಲಲ್ಲಿ ರೋಗ ಪತ್ತೆ ಮಾಡುವುದು ಕಷ್ಟ. ಉದುರಿದ ನಳ್ಳಿ (ಎಳೆ ಅಡಿಕೆ), ಕಪ್ಪಾದ ಒಳ್ಳೆಮೆಣಸಿನ ಎಲೆ, ನೀರು ನಿಂತ ಗುರುತು, ಹುಳ ಕೊರೆದು ಚೆಲ್ಲಿದ ನಾರು, ಎಲ್ಲವೂ ಗುಡಿಸಿ ಹೋಗಿರುತ್ತದೆ. ಆಮೇಲೆ ಉಳಿಯುವುದು ಹಳದಿ ಎಲೆ ಒಂದೇ. ಅದನ್ನು ನೋಡಿ ಎಲ್ಲರೂ ಹೇಳುವುದು ಒಂದೇ ಮಾತು: ಗೊಬ್ಬರ ಸಾಲದು.

ಹಾಗಾಗಿ ಕತ್ತಿ ಹಿಡಿಯುವ ಮೊದಲು ಒಂದು ಸುತ್ತು ಬರಿಗೈಯಲ್ಲಿ ಬನ್ನಿ. ತುಲಾ ಮಳೆ, ಅಂದರೆ ಮಳೆಗಾಲ ಕಳೆದ ಮೇಲೆ ಬರುವ ಹಿಂಗಾರು ಮಳೆ, ಸಂಜೆ ಗುಡುಗಿ ಸುರಿದ ಮರುದಿನ ಬೆಳಿಗ್ಗೆ ಆದರೆ ಇನ್ನೂ ಒಳ್ಳೆಯದು. ಎಲ್ಲಿ ನೀರು ನಿಂತಿದೆ, ಎಲ್ಲಿ ಇಳಿದಿದೆ ಎಂದು ಆಗ ನೆಲವೇ ತೋರಿಸಿಕೊಡುತ್ತದೆ. ಫೋನಿನಲ್ಲಿ ಫೋಟೋ ತೆಗೆಯಿರಿ. ಸಂಶಯ ಬಂದ ಮರಕ್ಕೆ ಸುಣ್ಣದಲ್ಲಿ ಒಂದು ಗುರುತು ಹಾಕಿ. ಅಂದಾಜಿನ ನೆನಪು ಮುಂದಿನ ವಾರಕ್ಕೆ ಇರುವುದಿಲ್ಲ.

ಇಲ್ಲಿನ ಲೆಕ್ಕ ಸ್ವಲ್ಪ ಬೇರೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲ ಮುರಕಲ್ಲಿನದ್ದು. ಮೇಲಿನ ಮಣ್ಣಿನಲ್ಲಿದ್ದ ಪೊಟ್ಯಾಶ್, ಸುಣ್ಣ, ಮೆಗ್ನೀಸಿಯಂ ನೀರಿನ ಜೊತೆ ತೊಳೆದು ಹೋಗುತ್ತವೆ. ಮಣ್ಣು ಹುಳಿಯಾಗುತ್ತದೆ. ಬಯಲಿನ ತೋಟದಲ್ಲಿ ಬೇರು ನಾಲ್ಕು ತಿಂಗಳು ನೀರಲ್ಲೇ ಇರುತ್ತದೆ. ಮಳೆಗಾಲದಲ್ಲಿ ಹೊಕ್ಕ ಶಿಲೀಂಧ್ರ ಬಿಸಿಲು ಬಂದ ಮೇಲೆ ಮುಖ ತೋರಿಸುತ್ತದೆ. ಉಸಿರು ಕಟ್ಟಿದ ಬೇರು, ತೊಳೆದು ಹೋದ ಸಾರ, ಒಳಗೆ ಸೇರಿದ ರೋಗ. ಮೂರರ ಫಲವೂ ಹಳದಿ. ಅದಕ್ಕೇ ಗೊಂದಲ.

ಅಡಿಕೆ ಹಳದಿಯಾದರೆ

ಮೊದಲ ಪ್ರಶ್ನೆ: ಎಷ್ಟು ಮರ? ತೋಟದ ತುಂಬ ಎಲ್ಲ ಮರವೂ ಒಂದೇ ಸಮ ತಿಳಿ ಹಸಿರಾಗಿದ್ದರೆ ಸಾರ ಸಾಲದ್ದೇ ಇರಬಹುದು. ತಗ್ಗಿನಲ್ಲಿರುವ ಒಂದು ತುಂಡು ಮಾತ್ರ, ಅಥವಾ ಒಂದು ಕಣಿಯ ಉದ್ದಕ್ಕೆ ಮಾತ್ರ ಹಳದಿಯಾಗಿದ್ದರೆ ನೀರಿನ ಮೇಲೆ ಸಂಶಯ ಪಡಿ. ಅಲ್ಲೊಂದು ಇಲ್ಲೊಂದು ಚದುರಿದ್ದರೆ ಹುಳ ಅಥವಾ ರೋಗ.

ಎರಡನೆಯದು: ಯಾವ ಎಲೆ? ಸಾರಜನಕ, ಪೊಟ್ಯಾಶ್, ಮೆಗ್ನೀಸಿಯಂ ಇವು ಗಿಡದೊಳಗೆ ಓಡಾಡುತ್ತವೆ. ಕಡಿಮೆ ಬಿದ್ದಾಗ ಮರ ಹಳೇ ಸೋಗೆಯಿಂದ ತೆಗೆದು ಹೊಸ ಸುಳಿಗೆ ಕೊಡುತ್ತದೆ. ಅದರಿಂದ ಕೆಳಗಿನ ಸೋಗೆ ಮೊದಲು ಬಣ್ಣ ಬಿಡುತ್ತದೆ. ಇಡೀ ಸೋಗೆ ಸಮನಾಗಿ ಪೇಲವ ಆದರೆ ಸಾರಜನಕ. ತುದಿ, ಅಂಚು ಕಿತ್ತಳೆ ಬಣ್ಣಕ್ಕೆ ತಿರುಗಿ ಒಣಗುತ್ತಾ ಬಂದರೆ ಪೊಟ್ಯಾಶ್. ಅಂಚು ಹಳದಿ, ಮಧ್ಯದ ನರದ ಬದಿ ಹಸಿರು ಉಳಿದರೆ ಮೆಗ್ನೀಸಿಯಂ. ಈ ಕೊನೆಯದು ಬಿಸಿಲು ಬೀಳುವ ಬದಿಯಲ್ಲಿ ಜಾಸ್ತಿ, ನೆರಳಿದ್ದ ಕಡೆ ಕಡಿಮೆ. ಹೊಸ ಎಲೆಯೇ ಮುದುಡಿ, ಗಿಡ್ಡವಾಗಿ, ಬಿಡಿಸಿಕೊಳ್ಳದೆ ಬಂದರೆ ಬೋರಾನ್ ನೋಡಬೇಕು.

ಇಷ್ಟಕ್ಕೇ ನಿಂತು ಅಂಗಡಿಗೆ ಹೋಗಬೇಡಿ. ಮೂರನೆಯ ಕೆಲಸ ಎಲ್ಲರೂ ಬಿಡುವಂಥದ್ದು: ಬೇರು ನೋಡುವುದು. ಮರದ ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಒಂದಡಿ ಆಳ ಅಗೆಯಿರಿ. ಒಳ್ಳೆಯ ಬೇರು ಗಟ್ಟಿಯಾಗಿರುತ್ತದೆ, ಎಳೆಯ ತುದಿ ಬಿಳಿಯಾಗಿರುತ್ತದೆ. ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ನಾರು ಮಾತ್ರ ಉಳಿದರೆ, ಕಪ್ಪಾಗಿ ವಾಸನೆ ಬಂದರೆ, ಆ ಬೇರು ಸತ್ತಿದೆ. ಸತ್ತ ಬೇರಿಗೆ ಎಷ್ಟು ಗೊಬ್ಬರ ಸುರಿದರೂ ಅದು ಮುಂದಿನ ಮಳೆಗೆ ತೋಡು ಸೇರುತ್ತದೆ, ಅಷ್ಟೇ.

ಅಗೆದ ಗುಂಡಿಯನ್ನು ಮುಚ್ಚಬೇಡಿ, ಒಂದು ರಾತ್ರಿ ಹಾಗೇ ಬಿಡಿ. ಮಳೆ ಬಾರದೆಯೂ ಬೆಳಿಗ್ಗೆ ಅದರಲ್ಲಿ ನೀರು ಇದ್ದರೆ ನೆಲದಡಿಯ ನೀರಿನ ಮಟ್ಟವೇ ಬೇರಿನವರೆಗೆ ಇದೆ ಎಂದರ್ಥ. ಆಗ ದೋಷ ಕಣಿಯದ್ದು. ಕಣಿ ಇದ್ದರೆ ಸಾಲದು, ಅದರ ತಳ ಬೇರಿನ ಮಟ್ಟಕ್ಕಿಂತ ಕೆಳಗೆ ಇರಬೇಕು. ಮಳೆಗಾಲದಲ್ಲಿ ಗುಡ್ಡೆಯಿಂದ ಇಳಿದ ಕೆಸರು ತುಂಬಿ ಕಣಿ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಮೇಲೆ ಬರುತ್ತದೆ. ಮೇಲಿಂದ ನೋಡಿದರೆ ನೀರು ಹರಿಯುತ್ತಲೇ ಇರುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಕೋಲು ಇಳಿಸಿ ಅಳೆದು ನೋಡಿ. ಬಿಡಿಸುವಾಗ ಕೆಳಗಿನ ಬಾಯಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ತೆಗೆದ ಕೆಸರು ಒಣಗಿದ ಮೇಲೆ ಬುಡಕ್ಕೆ ತೆಳ್ಳಗೆ ಹಾಕಬಹುದು, ಕಾಂಡ ಮುಚ್ಚುವ ಹಾಗೆ ಪೇರಿಸಬಾರದು.

ಅದೇ ಗುಂಡಿಯಲ್ಲಿ ಬಿಳಿ ದಪ್ಪ ಹುಳ ಸುರುಟಿಕೊಂಡು ಸಿಕ್ಕಿದರೆ ಕಥೆ ಬೇರೆ. ಅದು ಬೇರು ಹುಳ. ಅದರ ಮರ ಹಳದಿಯಾಗುವ ಜೊತೆಗೆ ತಲೆಯ ಹತ್ತಿರ ಸಪೂರ ಆಗುತ್ತಾ ಬರುತ್ತದೆ, ನಳ್ಳಿ ಉದುರುತ್ತದೆ. ಎಳೆ ಗಿಡವನ್ನು ಕೈಯಿಂದ ಅಲ್ಲಾಡಿಸಿದರೆ ಸಲೀಸಾಗಿ ಅಲ್ಲಾಡುತ್ತದೆ. ಈಗ ಬುಡ ಅಗೆದು ಸಿಕ್ಕಿದ ಹುಳ ಹೆಕ್ಕುವುದು ನಿಜಕ್ಕೂ ಉಪಯೋಗದ ಕೆಲಸ. ಕೋಳಿ ಬಿಟ್ಟರೆ ಅರ್ಧ ಕೆಲಸ ಅವೇ ಮಾಡುತ್ತವೆ. ಹುಳ ತಿನ್ನುವ ಸೂಕ್ಷ್ಮ ದುಂಡುಹುಳಗಳನ್ನು ಮಣ್ಣಿಗೆ ಬಿಡುವ ಕ್ರಮವೂ ಇದೆ, ಅದಕ್ಕೆ ಮಣ್ಣಿನಲ್ಲಿ ತೇವ ಇರಬೇಕು.

ಬೇರು ಚೆನ್ನಾಗಿದೆ, ಹುಳ ಇಲ್ಲ, ನೀರು ನಿಂತಿಲ್ಲ, ಆದರೂ ಹೊರಗಿನ ಎರಡು ಮೂರು ಸೋಗೆಯ ತುದಿಯಿಂದ ಹಳದಿ ಶುರುವಾಗಿದೆ ಎಂದಾದರೆ ಒಂದು ಅಡಿಕೆ ಕೊಯ್ದು ಸೀಳಿ ನೋಡಿ. ತಿರುಳು ಗಟ್ಟಿಯಾಗದೆ ಮೆತ್ತಗಾಗಿ, ಕಂದು ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಅದು ಹಳದಿ ಎಲೆ ರೋಗದ ಗುರುತು. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಇದು ಹೆಚ್ಚು ಎದ್ದು ಕಾಣುತ್ತದೆ. ಇದಕ್ಕೆ ಗುಣ ಮಾಡುವ ಮದ್ದಿಲ್ಲ. ಸರಿಯಾಗಿ ಗೊಬ್ಬರ ಕೊಟ್ಟು, ನೀರು ಬಸಿದು, ಮರವನ್ನು ಬಲವಾಗಿ ಇಟ್ಟುಕೊಳ್ಳುವುದು ಮಾತ್ರ ಕೈಯಲ್ಲಿದೆ. ಯಾರಾದರೂ ಬಾಟಲಿ ಹಿಡಿದು ಬಂದು ಗುಣ ಮಾಡಿಕೊಡುತ್ತೇನೆ ಎಂದರೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿ.

ಎಲೆಯ ಮೇಲೆ ಕಂದು ಚುಕ್ಕಿ, ಸುತ್ತ ಹಳದಿ ಬಳೆ, ಚುಕ್ಕಿಗಳು ಕೂಡಿಕೊಂಡು ಸೋಗೆ ಸುಟ್ಟ ಹಾಗೆ ಕಂಡರೆ ಎಲೆ ಚುಕ್ಕಿ ರೋಗ. ಅದಕ್ಕೂ ಹಳದಿ ಎಲೆ ರೋಗಕ್ಕೂ ಸಂಬಂಧ ಇಲ್ಲ. ಚುಕ್ಕಿ ಬಿದ್ದ ಸೋಗೆಯನ್ನು ತೋಟದಲ್ಲಿ ಮುಚ್ಚಿಗೆಗೆ ಹಾಕಬಾರದು. ಮಿಕ್ಕ ಸೋಗೆಯನ್ನು ಸುಡಬೇಡಿ ಎನ್ನುವ ನಾನು ಇದನ್ನು ಮಾತ್ರ ಸುಡಲು ಹೇಳುತ್ತೇನೆ.

ಇನ್ನೊಂದು ದೋಷ ಈ ತಿಂಗಳಲ್ಲೇ ಹುಟ್ಟುತ್ತದೆ. ಮೋಡ ಹೋಗಿ ತೆಂಕು ಪಡುವಣದ ಬಿಸಿಲು ನೇರವಾಗಿ ಕಾಂಡಕ್ಕೆ ಹೊಡೆಯುತ್ತದೆ. ಮೊದಲು ಬಂಗಾರದ ಬಣ್ಣದ ಕಲೆ, ಆಮೇಲೆ ಸೀಳು. ಒಂದೆರಡು ವರ್ಷದಲ್ಲಿ ಮರ ಅಲ್ಲೇ ಮುರಿಯುತ್ತದೆ. ತೋಟದ ಅಂಚಿನ ಮರಗಳ ಆ ಬದಿಗೆ ಸುಣ್ಣ ಬಳಿಯಿರಿ, ಎಳೆ ಮರಕ್ಕೆ ಸೋಗೆ ಕಟ್ಟಿ. ಬಿಸಿಲು ಬಿದ್ದ ಮೇಲೆ ಕಟ್ಟಿ ಪ್ರಯೋಜನ ಇಲ್ಲ.

ಗೊಬ್ಬರದ ಸರದಿ ಇಷ್ಟೆಲ್ಲ ಆದ ಮೇಲೆ. ಬೆಳೆದ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಎಂಬುದು ಶಿಫಾರಸು. ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಹಟ್ಟಿ ಗೊಬ್ಬರ ಅಥವಾ ಕಾಂಪೋಸ್ಟ್. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ ಯೂರಿಯಾ ಸುಮಾರು 220 ಗ್ರಾಂ, ರಾಕ್ ಫಾಸ್ಫೇಟ್ 200 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಶ್ 235 ಗ್ರಾಂ. ಅರ್ಧ ಮಳೆಗೆ ಮೊದಲು, ಅರ್ಧ ಈಗ. ನಮ್ಮಲ್ಲಿ ಯೂರಿಯಾ ಮಾತ್ರ ಧಾರಾಳವಾಗಿ ಬೀಳುತ್ತದೆ, ಪೊಟ್ಯಾಶ್ ಕಡಿಮೆ ಬೀಳುತ್ತದೆ. ತೊಳೆದು ಹೋಗುವ ನೆಲದಲ್ಲಿ ಆಗಬೇಕಾದ್ದು ತಿರುಗುಮುರುಗು, ಅಲ್ವಾ? ಸುಣ್ಣ ಹಾಕುವುದಿದ್ದರೆ ತುಲಾ ಮಳೆ ಮುಗಿಯುವ ಮೊದಲು ಹಾಕಿ, ರಾಸಾಯನಿಕ ಗೊಬ್ಬರಕ್ಕೆ ಎರಡು ವಾರ ಬಿಡಿ. ಎರಡನ್ನೂ ಬೆರೆಸಿ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ.

ಒಳ್ಳೆಮೆಣಸು ಬಾಡಿದರೆ

ಒಳ್ಳೆಮೆಣಸಿನ, ಅಂದರೆ ಕಾಳುಮೆಣಸಿನ, ಬಳ್ಳಿಯಲ್ಲಿ ಕೇಳಬೇಕಾದ್ದು ಎಷ್ಟು ಬೇಗ ಬಾಡಿತು ಎಂದು. ಎಲೆಯಲ್ಲಿ ಕಪ್ಪು ಕಲೆ ಬಿದ್ದು, ಕಲೆಯ ಅಂಚು ನೂಲು ಬಿಟ್ಟ ಹಾಗೆ ಕಂಡು, ಕೆಲವೇ ದಿನಗಳಲ್ಲಿ ಎಲೆ ಹಸಿರಿರುವಾಗಲೇ ಉದುರಿ ಬಳ್ಳಿ ಗೆಣ್ಣು ಗೆಣ್ಣಾಗಿ ಕಳಚಿದರೆ ಅದು ಶೀಘ್ರ ಸೊರಗು ರೋಗ. ಬುಡವನ್ನು ಉಗುರಿನಿಂದ ಕೆರೆದರೆ ಕಪ್ಪಾಗಿ, ಮೆತ್ತಗೆ, ವಾಸನೆಯಿಂದ ಕೂಡಿರುತ್ತದೆ. ಈ ಬಳ್ಳಿ ಉಳಿಯುವುದಿಲ್ಲ. ಬೇರು ಸಮೇತ ತೆಗೆದು ತೋಟದ ಹೊರಗೆ ಸುಡಿ. ತೋಟದ ಮಧ್ಯದಿಂದ ಎಳೆದುಕೊಂಡು ಹೋಗಬೇಡಿ, ಗೊಬ್ಬರ ಗುಂಡಿಗೆ ಹಾಕಲೇಬೇಡಿ. ಅಗೆದ ಹಾರೆಯನ್ನು ತೊಳೆದು ಪಕ್ಕದ ಬುಡಕ್ಕೆ ಇಳಿಸಿ. ಪಕ್ಕದ ಬಳ್ಳಿಗಳಿಗೆ 1% ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು) ಸಿಂಪಡಿಸಿ. ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 2 ಗ್ರಾಂ ಕಲಸಿ ಹೊಯ್ಯುವುದು ವಾಡಿಕೆಯ ಶಿಫಾರಸು.

ನಿಧಾನವಾಗಿ, ಅಕ್ಟೋಬರ್ ಬಂದ ಮೇಲೆ, ಮಣ್ಣಿನ ತೇವ ಇಳಿಯುತ್ತಾ ಹೋದ ಹಾಗೆ ಹಳದಿಯಾಗಿ ಎಲೆ ಉದುರಿ, ಮುಂದಿನ ಮಳೆಗೆ ಸ್ವಲ್ಪ ಚಿಗುರುವುದಾದರೆ ಅದು ನಿಧಾನ ಸೊರಗು. ಬೇರು ಕಿತ್ತು ನೋಡಿ. ಸಣ್ಣ ಸಣ್ಣ ಗಂಟುಗಳಿದ್ದರೆ ದುಂಡುಹುಳದ ಕಾಟ. ಮೇಲೆ ಹೇಳಿದ ಹುಳ ತಿನ್ನುವ ದುಂಡುಹುಳ ಬೇರೆ, ಬೇರಿಗೆ ಬೀಳುವ ಇದು ಬೇರೆ. ಇದಕ್ಕೆ ತಾಮ್ರದ ಮದ್ದು ಒಂದೇ ಸಾಲದು. ಬುಡಕ್ಕೆ ಒಂದು ಕಿಲೋದಷ್ಟು ಬೇವಿನ ಹಿಂಡಿ, ಟ್ರೈಕೋಡರ್ಮಾ ಬೆರೆಸಿದ ಹಟ್ಟಿ ಗೊಬ್ಬರ ಕೊಡಬೇಕು. ಟ್ರೈಕೋಡರ್ಮಾ ಸ್ವತಃ ಶಿಲೀಂಧ್ರ. ತಾಮ್ರ ಹೊಯ್ದ ಬುಡಕ್ಕೆ ಅದನ್ನು ಕೂಡಲೇ ಹಾಕಿದರೆ ದುಡ್ಡು ಕೊಟ್ಟು ತಂದದ್ದನ್ನು ನೀವೇ ಕೊಂದ ಹಾಗೆ.

ಬೋರ್ಡೋ ಸುಮ್ನೆ ಕಲಸುವಂಥದ್ದಲ್ಲ. 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಿಗೆ ಹೊಯ್ಯಬಾರದು. ತಿಕ್ಕಿದ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಆ ದಿನದ್ದು ಆ ದಿನವೇ ಮುಗಿಯಬೇಕು. ಮದ್ದು ಬಿಟ್ಟೂ ರೋಗ ಬಂತು ಎನ್ನುವವರ ಮನೆಯಲ್ಲಿ ಮೊದಲು ವಿಚಾರಿಸಬೇಕಾದ್ದು ಈ ಕತ್ತಿಯ ಪರೀಕ್ಷೆಯನ್ನೇ.

ತೆಂಗಿನ ಸುಳಿ

ಸುಳಿ ಬಾಡಿದೆಯೇ? ಎಟುಕುವ ಗಿಡವಾದರೆ ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕೈಗೆ ಬಂದು ಕೊಳೆತ ನಾತ ಹೊಡೆದರೆ ಸುಳಿ ಕೊಳೆ ರೋಗ. ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು, ಬೋರ್ಡೋ ಪೇಸ್ಟ್ ಹಚ್ಚಿ, ಮಳೆ ನೀರು ಬೀಳದ ಹಾಗೆ ಮುಚ್ಚಿದರೆ ಮರ ಹೊಸ ಸುಳಿ ಬಿಡುವ ಸಾಧ್ಯತೆ ಇದೆ. ತಡವಾದರೆ ಇಲ್ಲ. ಪೇಸ್ಟಿಗೆ 100 ಗ್ರಾಂ ತುತ್ತು ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಲ್ಲಿ.

ಬಿಡಿಸಿಕೊಂಡ ಮಡಲು (ತೆಂಗಿನ ಗರಿ) ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ಹಾಗೆ ಕಂಡರೆ ಕುರುವಾಯಿ, ಅಂದರೆ ಕೊಂಬಿನ ಕಪ್ಪು ದುಂಬಿ. ಕಾಂಡದಲ್ಲಿ ತೂತು, ತೂತಿನಿಂದ ಕಂದು ರಸ, ಕಿವಿ ಇಟ್ಟರೆ ಒಳಗೆ ಕರಕರ ಸದ್ದು ಕೇಳಿದರೆ ಕೆಂಪು ಮೂತಿ ಹುಳ. ಎರಡನೆಯದು ಮರ ಕೊಲ್ಲುತ್ತದೆ, ಕಾಯಬಾರದು. ಅದು ಬರುವುದೇ ಗಾಯದ ವಾಸನೆಗೆ. ಅದಕ್ಕಾಗಿ ಶುಚಿ ಮಾಡುವ ಉತ್ಸಾಹದಲ್ಲಿ ಹಸಿ ಮಡಲನ್ನು ಬುಡಕ್ಕೆ ಸರಿಯಾಗಿ ಕಡಿಯಬೇಡಿ. ಕಡಿಯಲೇಬೇಕಿದ್ದರೆ ಕಾಂಡದಿಂದ ಒಂದು ಮೀಟರಿಗಿಂತ ಜಾಸ್ತಿ ತೊಟ್ಟು ಬಿಟ್ಟು ಕಡಿಯಿರಿ. ನೋಡಲು ಚಂದ ಇರುವುದಿಲ್ಲ, ಮರ ಉಳಿಯುತ್ತದೆ.

ಕುರುವಾಯಿಯ ತವರು ಮಾತ್ರ ಮರದ ಮೇಲಿಲ್ಲ, ನಿಮ್ಮ ಗೊಬ್ಬರ ಗುಂಡಿಯಲ್ಲಿದೆ. ಗುಂಡಿ ಖಾಲಿ ಮಾಡುವಾಗ ಹೆಬ್ಬೆರಳು ದಪ್ಪದ ಬಿಳಿ ಹುಳ ಸಿಕ್ಕಿದರೆ ಹೆಕ್ಕಿ ಕೊಲ್ಲಿ. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಗುಂಡಿಗೆ ಕಲಸಿದರೆ ಅದು ಹುಳಗಳಿಗೆ ರೋಗ ತರಿಸುತ್ತದೆ. ಗುಂಡಿ ನಾರುತ್ತಿದ್ದರೆ ಅದು ಬೇರೆ ದೋಷ: ಮಳೆ ನೀರು ತುಂಬಿ ಗಾಳಿ ಆಡುತ್ತಿಲ್ಲ. ಒಮ್ಮೆ ಮಗುಚಿ, ಒಣ ತರಗೆಲೆ ಸೇರಿಸಿ, ಮೇಲೊಂದು ಸೋಗೆ ಮಾಡು ಕಟ್ಟಿದರೆ ಮುಗಿಯಿತು.

ತರಕಾರಿ ಸಾಲು

ಬದನೆ, ಮೆಣಸು, ಟೊಮೆಟೊ ನಿಂತಲ್ಲೇ ಹಸಿರಾಗಿ ಬಾಡಿದರೆ ನೀರು ಹೊಯ್ಯಲು ಓಡಬೇಡಿ. ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ ತುಂಡನ್ನು ನೀರಿಗೆ ತಾಗಿಸಿ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿಯುತ್ತಾ ಬಂದರೆ ಅದು ಬ್ಯಾಕ್ಟೀರಿಯಾ ಸೊರಗು. ಎಳೆ ಇಲ್ಲದಿದ್ದರೆ ಬೇರು ಕೊಳೆತದ್ದೋ, ಹುಳ ತಿಂದದ್ದೋ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು, ಆದರೂ ಮಾಡುವವರು ಕಡಿಮೆ. ರೋಗ ಹೌದಾದರೆ ಗಿಡ ಕಿತ್ತು ಸುಡಿ. ನಮ್ಮ ಹುಳಿ ಮಣ್ಣು ಈ ಬ್ಯಾಕ್ಟೀರಿಯಾಕ್ಕೆ ಬಹಳ ಒಗ್ಗುತ್ತದೆ. ಸುಣ್ಣ ಹಾಕಿ, ಆ ಜಾಗದಲ್ಲಿ ಅಲಸಂಡೆಯೋ ಹರಿವೆಯೋ ಮಾಡಿ. ಬದನೆಯೇ ಬೇಕಾದರೆ ಕೇರಳ ಕೃಷಿ ವಿಶ್ವವಿದ್ಯಾಲಯದ ಹರಿತಾ, ಸೂರ್ಯ, ನೀಲಿಮಾ ತಳಿಗಳು ಈ ರೋಗವನ್ನು ತಡೆಯುತ್ತವೆ. ಮೆಣಸಿನಲ್ಲಿ ಉಜ್ವಲ, ಟೊಮೆಟೊದಲ್ಲಿ ಶಕ್ತಿ, ಮುಕ್ತಿ.

ಬಸಳೆ ಎಲೆಯಲ್ಲಿ ನಡುವೆ ಬೂದು, ಸುತ್ತ ನೇರಳೆ ಬಣ್ಣದ ದುಂಡು ಚುಕ್ಕಿ ಬಿದ್ದರೆ ಆ ಎಲೆಗಳನ್ನು ಚಿವುಟಿ ತೆಗೆಯಿರಿ, ಚಪ್ಪರಕ್ಕೆ ಗಾಳಿ ಬಿಡಿ, ನೀರು ಬುಡಕ್ಕೆ ಮಾತ್ರ ಹೊಯ್ಯಿರಿ. ತಿನ್ನುವ ಸೊಪ್ಪಿಗೆ ಮದ್ದು ಹೊಡೆಯುವ ಮಾತೇ ನನಗೆ ಸರಿ ಕಾಣುವುದಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಷ್ಟ ಉಂಡ ಜಿಲ್ಲೆ ಇದು. ಎಣ್ಮಕಜೆ ಬದಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾತ್ರಿ ಬೆಳಗಾಗುವುದರೊಳಗೆ ಎಲೆಗೆ ಎಲೆಯೇ ಮಾಯ, ನೆಲದಲ್ಲಿ ಅಂಟಿನ ಹೊಳಪು ಗೆರೆ ಇದೆ ಎಂದರೆ ಆಫ್ರಿಕನ್ ಬಸವನಹುಳು. ಸಂಜೆ ಒದ್ದೆ ಗೋಣಿ ಹಾಸಿ ಅದರಡಿ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಕೈಗವಸು ಹಾಕಿ ಹೆಕ್ಕಿ ಉಪ್ಪು ನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ.

ಪಂಪು ನೀರು ಎತ್ತದಿದ್ದರೆ

ಜೂನ್‌ನಿಂದ ಮಲಗಿದ್ದ ಪಂಪನ್ನು ಬೇಸಿಗೆ ಬಂದ ಮೇಲೆ ಎಬ್ಬಿಸುವುದು ತಡ. ಈಗಲೇ ಓಡಿಸಿ ನೋಡಿ. ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ಕೆಪಾಸಿಟರ್ ಹೋಗಿರಬಹುದು, ಅಥವಾ ತುಕ್ಕು ಹಿಡಿದು ಒಳಗೆ ಬಿಗಿದಿರಬಹುದು. ಕರೆಂಟ್ ತೆಗೆದು ಕೈಯಿಂದ ತಿರುಗಿಸಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ತಿರುಗುತ್ತದೆ, ನೀರು ಬರುವುದಿಲ್ಲ ಎಂದರೆ ಪೈಪಿಗೆ ನೀರು ತುಂಬಿಸಿ ಸ್ವಲ್ಪ ಹೊತ್ತು ಕಾಯಿರಿ. ತುಂಬಿಸಿದ ನೀರು ಇಳಿದು ಹೋದರೆ ನೀರಿನೊಳಗೆ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವಿನಲ್ಲಿ ತರಗೆಲೆ ಸಿಕ್ಕಿಕೊಂಡಿದೆ. ಇಳಿಯುವುದಿಲ್ಲ, ಆದರೂ ನೀರು ಬರುವುದಿಲ್ಲ ಎಂದರೆ ಜೋಡಣೆಯಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ನೀರು ಚಿಮ್ಮಿಸುವ ಜೆಟ್ಟುಗಳ ತೂತಿನಲ್ಲಿ ಇರುವೆ ಮಣ್ಣು ಕಟ್ಟಿರುತ್ತದೆ, ಸೂಜಿ ಸಾಕು. ತೋಡಿಗೆ ಕಟ್ಟ (ಒಡ್ಡು) ಹಾಕುವ ಊರಿನವರು ಅದಕ್ಕೆ ಮೊದಲೇ ಫುಟ್ ವಾಲ್ವ್ ಮೇಲೆತ್ತಿ ತೊಳೆದರೆ ಆಮೇಲೆ ಆಳದ ನೀರಿಗೆ ಇಳಿಯುವ ಕೆಲಸ ಇಲ್ಲ.

ಕಸದ ವಿಷಯ

ಬಿದ್ದ ಅಡಿಕೆ ಹಾಳೆಗಳನ್ನು ಮೊದಲು ಹೆಕ್ಕಿ. ಅದರಲ್ಲಿ ನಿಲ್ಲುವ ಒಂದು ಹಿಡಿ ನೀರಲ್ಲೇ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ತೆಂಗಿನ ಗೆರಟೆ, ರಬ್ಬರ್ ಹಾಲು ಹಿಡಿಯುವ ಕಪ್ಪು, ಹಳೇ ಡಬ್ಬವೂ ಹಾಗೇ. ಕವುಚಿ ಹಾಕಿದರೆ ಸಾಕು. ಕಣಿಗೆ ಇಳಿಯುವವರು ಬೂಟು, ಕೈಗವಸು ಹಾಕಬೇಕು. ಇಲಿ ಜ್ವರ ಈ ಕೆಸರಿನಿಂದಲೇ ಬರುವುದು, ಕಾಲಲ್ಲಿ ಗಾಯ ಇದ್ದರೆ ಇಳಿಯಲೇಬಾರದು. ಕೆಲಸಕ್ಕೆ ಮೊದಲು ಮಾತ್ರೆ ಬೇಕೇ ಎಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಕೆಲಸ ಮಾಡಿದ ಮೇಲೆ ಜ್ವರ, ಮೈಕೈ ನೋವು ಬಂದರೆ ಕಣಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು.

ರೋಗ ಇಲ್ಲದ ಸೋಗೆ, ತರಗೆಲೆ ಎಲ್ಲ ಬುಡಕ್ಕೇ ಹೋಗಲಿ. ಸುಡುಮಣ್ಣು ಮಾಡುವ ಹಳೇ ಕ್ರಮ ಇದೆ, ಅದರ ಬೂದಿಯಲ್ಲಿ ಪೊಟ್ಯಾಶ್ ಇರುವುದೂ ನಿಜ. ಆದರೆ ಸುಟ್ಟಾಗ ಸಾರಜನಕ ಹೊಗೆಯಾಗಿ ಹೋಗುತ್ತದೆ. ತರಕಾರಿ ಸಾಲಿಗೆ ಸ್ವಲ್ಪ ಮಾಡಿಕೊಳ್ಳಿ, ಇಡೀ ತೋಟದ ಸೊಪ್ಪು ಸುಡಬೇಡಿ.

ಇಷ್ಟು ನೋಡಿಯೂ ದೋಷ ಯಾವುದೆಂದು ಗೊತ್ತಾಗದಿದ್ದರೆ ಪಂಚಾಯತಿನ ಕೃಷಿ ಭವನಕ್ಕೆ ಹೋಗಿ. ತೆಂಗು, ಅಡಿಕೆ ಎಂದಾದರೆ ಕಾಸರಗೋಡಿನ ಕೂಡ್ಲಿನಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇದೆ. ಮದ್ರಾಸ್ ಸರ್ಕಾರದ ಕಾಲದಲ್ಲಿ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ ಅದು. ಬರಿಗೈಯಲ್ಲಿ ಹೋಗಿ "ಎಲೆ ಹಳದಿಯಾಗಿದೆ" ಎಂದರೆ ಅವರಿಗೂ ಏನೂ ಗೊತ್ತಾಗದು. ಇಡೀ ಮರದ ಫೋಟೋ, ಹಳದಿ ಸೋಗೆಯ ಒಂದು ತುಂಡು, ಬೇರು, ಸೀಳಿದ ಅಡಿಕೆ ಇವಿಷ್ಟು ಒಯ್ಯಿರಿ. ಬೇರನ್ನು ಸ್ವಲ್ಪ ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಎಲೆಯನ್ನು ಪೇಪರಿನಲ್ಲಿ ಸುತ್ತಿ.

ಮಣ್ಣು ಪರೀಕ್ಷೆಗೆ ಗೊಬ್ಬರ, ಸುಣ್ಣ ಹಾಕುವ ಮೊದಲೇ ಮಣ್ಣು ತೆಗೆಯಬೇಕು. ತೋಟದ ಹತ್ತು ಹನ್ನೆರಡು ಕಡೆಯಿಂದ, ಮೇಲಿನ ಕಸ ಸರಿಸಿ, ಒಂದಡಿ ಆಳದವರೆಗಿನ ಮಣ್ಣನ್ನು ಸೀಳಿನ ಹಾಗೆ ತೆಗೆದು ಒಟ್ಟು ಸೇರಿಸಿ. ಬಯಲಿನದ್ದು ಬೇರೆ, ಗುಡ್ಡೆಯದ್ದು ಬೇರೆ. ನೆರಳಲ್ಲಿ ಒಣಗಿಸಿ, ಕಲ್ಲು ಬೇರು ಹೆಕ್ಕಿ, ಅರ್ಧ ಕಿಲೋದಷ್ಟು ಬಟ್ಟೆ ಚೀಲದಲ್ಲಿ ಹಾಕಿ. ಹೆಸರು, ಜಾಗ, ಬೆಳೆ ಬರೆದ ಚೀಟಿಯನ್ನು ಚೀಲದ ಒಳಗೊಂದು ಹೊರಗೊಂದು ಇಡಿ. ಹೊರಗಿನದ್ದು ದಾರಿಯಲ್ಲಿ ಹರಿದು ಹೋಗುವುದೇ ಹೆಚ್ಚು.